ಇಳಿಯೋಕೆ ಬಸ್ ಇರಲಿಲ್ವಾ?

ನಂದಿ ಬೆಟ್ಟ ಹತ್ತಿದ ಫೋಟೊ ಎಲ್ಲ ಸೈಕಲ್ಲಿಗರ ಹತ್ತಿರವೂ ಇದೆ. ಇಳಿದದ್ದರ ಫೋಟೊ ಯಾರ ಹತ್ತಿರವೂ ಇಲ್ಲ. ಇಳಿಯುವಾಗ ಎರಡು ಕೈಯೂ ಬ್ರೇಕಿನ ಮೇಲಿರುತ್ತವೆ, ತೆಗೆಯೋದಾದರೂ ಯಾರು?

ಶನಿವಾರ ಬೆಳಗಿನ ಜಾವ ನಾಲ್ಕೂಕಾಲಿಗೆ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಸಿಗ್ನಲ್ ಹತ್ತಿರ ಒಮ್ಮೆ ನಿಂತು ನೋಡಿ. ರಾತ್ರಿ ಪಾಳಿ ಮುಗಿಸಿದವರನ್ನು ತುಂಬಿಕೊಂಡ ಕ್ಯಾಬುಗಳು ಮನೆ ಕಡೆ ಹೋಗುತ್ತಿರುತ್ತವೆ. ಹಿಂದೆ ಕೆಂಪು ಲೈಟು ಮಿಣುಕಿಸುತ್ತಾ ಸೈಕಲ್ಲುಗಳು ಮನೆಯಿಂದ ಹೊರಟಿರುತ್ತವೆ. ಕಾಡುಗೋಡಿ ದಾಟಿ, ಬೂದಿಗೆರೆ ಕ್ರಾಸಿನಲ್ಲಿ ತಿರುಗಿ, ಬೂದಿಗೆರೆ ಮೇಲಿಂದ ದೇವನಹಳ್ಳಿ. ಅಲ್ಲಿ ರಾಣಿ ಕ್ರಾಸ್ ಹತ್ತಿರ ಚಹಾ. ಎಲೆಕ್ಟ್ರಾನಿಕ್ ಸಿಟಿಯಿಂದ ಬರುವ ನನ್ನ ಗೆಳತಿ ನಮಗಿಂತ ಒಂದು ಗಂಟೆ ಮೊದಲೇ ಎದ್ದಿರುತ್ತಾಳೆ, ಅದಕ್ಕೆ ಅವಳ ಮುಖ ಯಾವಾಗಲೂ ಗಂಟು. ಪೀಣ್ಯದಿಂದ ಯಲಹಂಕ ಮೇಲೆ ಬರುವ ಅಣ್ಣ ಎಲ್ಲರಿಗಿಂತ ಮೊದಲು ಬಂದು ಎರಡನೇ ಚಹಾದಲ್ಲಿರುತ್ತಾರೆ. ಅವರು ಅಲ್ಲೊಂದು ಮಷಿನ್ ಶಾಪಿನಲ್ಲಿ ಲೇತ್, ಮಿಲ್ಲಿಂಗ್ ನೋಡಿಕೊಳ್ಳುವವರು. ನಮ್ಮಿಬ್ಬರದು ವಾರವಿಡೀ ಕುರ್ಚಿಯ ಕೆಲಸ, ಅವರದು ವಾರವಿಡೀ ನಿಂತೇ ಮಾಡುವ ಕೆಲಸ. ಹಾಗಾಗಿ ಏರಿನಲ್ಲಿ ಅವರನ್ನು ಹಿಡಿಯೋದು ನಮ್ಮ ಕೈಲಾಗದ ಮಾತು.

ಮನೆಯಿಂದ ಬೆಟ್ಟದ ತುದಿಗೆ ನನಗೆ ಹೆಚ್ಚುಕಡಿಮೆ ಅರವತ್ತು ಕಿಲೋಮೀಟರ್. ಅದರಲ್ಲಿ ನಿಜವಾದ ಏರು ಕೊನೆಯ ಎಂಟು ಕಿಲೋಮೀಟರಿಗೂ ಕಡಿಮೆ. ಅಷ್ಟರಲ್ಲಿ ಸುಮಾರು 450 ಮೀಟರ್ ಮೇಲೇರಬೇಕು. ತುದಿಯ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ಹಿಂದೆಲ್ಲ ಜನ ಸುಲ್ತಾನ್‌ಪೇಟೆ ಕಡೆಯ ಹಳೇ ಮೆಟ್ಟಿಲು ಹಿಡಿದು ಹತ್ತುತ್ತಿದ್ದರು. ಕೆಳಗೆ ಭೋಗನಂದೀಶ್ವರ, ಮೇಲೆ ಯೋಗನಂದೀಶ್ವರ. ಭೋಗದಿಂದ ಯೋಗಕ್ಕೆ ಹೋಗೋ ದಾರಿ ಏರು ಅನ್ನೋದೇನೋ ಸರಿ. ಆದರೆ ಸೋಮವಾರ ಒಂಬತ್ತೂವರೆಗೆ ಸ್ಟ್ಯಾಂಡಪ್ ಮೀಟಿಂಗ್ ಇರುವವರು ಯೋಗದಲ್ಲೇ ಕೂರೋಕಾಗಲ್ಲ, ವಾಪಸ್ ಇಳಿಯಲೇಬೇಕು. ಆ ಇಳಿಯೋದರ ಬಗ್ಗೆ ನಮಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಏರಿನ ಬಗ್ಗೆ ಹೇಳೋರು ಬೇಕಾದಷ್ಟು ಜನ. ಯಾವ ಗೇರು, ಎಷ್ಟು ನೀರು, ಎಲ್ಲಿ ಉಸಿರು ಬಿಡಬೇಕು, ಯಾವ ತಿರುವಿನ ನಂತರ ಸ್ವಲ್ಪ ಸಪಾಟು ಸಿಗುತ್ತದೆ. ಸ್ಟ್ರಾವಾ ತೆರೆದರೆ ಯಾರು ಎಷ್ಟು ನಿಮಿಷದಲ್ಲಿ ಹತ್ತಿದರು ಅನ್ನೋ ಪಟ್ಟಿ. ನನ್ನ ಮೊದಲ ಸಲದ ಏರಿಗೆ ಆಫೀಸಿನ ಅರ್ಧ ಜನ ಲೈಕ್ ಕೊಟ್ಟಿದ್ದರು, ಮ್ಯಾನೇಜರ್ ಕೂಡ. ಇಳಿಜಾರು ಅಂದರೆ ಹತ್ತಿದ್ದಕ್ಕೆ ಸಿಗೋ ಬಹುಮಾನ, ಸುಮ್ಮನೆ ಕೂತರೆ ಸಾಕು ಅಂತಲೇ ನಾನು ತಿಳಿದಿದ್ದೆ.

ನಾನು ಬಿದ್ದದ್ದು ಮೂರನೇ ಸಲ ಹೋದಾಗ. ಜುಲೈ ತಿಂಗಳು. ಮೇಲೆ ಹತ್ತಡಿ ಆಚೆ ಕಾಣದ ಮಂಜು. ಸೂರ್ಯೋದಯ ನೋಡಲು ಬಂದವರಿಗೆ ಸೂರ್ಯನೇ ಕಾಣದೆ ಎಲ್ಲರೂ ಒಬ್ಬರನ್ನೊಬ್ಬರು ಫೋಟೊ ಹೊಡೆದುಕೊಳ್ಳುತ್ತಿದ್ದರು. ಅಣ್ಣ ಆ ವಾರ ಬಂದಿರಲಿಲ್ಲ. ನಾವಿಬ್ಬರೇ ಇಳಿಯಲು ಶುರು ಮಾಡಿದೆವು.

ಮೊದಲ ಕೆಲವು ತಿರುವು ಬ್ರೇಕು ಒತ್ತಿ ಹಿಡಿದೇ ಬಂದೆ. ನಮ್ಮಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲಿ ಕಲಿತಿರೋ ಪಾಠ ಒಂದೇ: ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ. ಹಾಗಾಗಿ ನನ್ನ ಭಾರವೆಲ್ಲ ಹಿಂದಿನ ಬ್ರೇಕಿನ ಮೇಲೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಬೆರಳು ಮರಗಟ್ಟಿ, ಒತ್ತುತ್ತಿದ್ದೇನೋ ಇಲ್ಲವೋ ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಒಂದು ಎಡ ತಿರುವು. ರಸ್ತೆ ಒದ್ದೆ. ಮಳೆ ನೀರು ಕೊಚ್ಚಿ ತಂದ ಮರಳು ತಿರುವಿನ ನಡುವೆ ತೆಳ್ಳಗೆ ಹರಡಿಕೊಂಡಿತ್ತು. ವೇಗ ಜಾಸ್ತಿಯಾಯಿತು ಅನ್ನಿಸಿದ್ದು ತಿರುವಿನ ಒಳಗೆ ಬಂದ ಮೇಲೆ. ಬ್ರೇಕ್ ಬಲವಾಗಿ ಹಿಡಿದೆ. ಹಿಂದಿನ ಚಕ್ರ ನಿಂತುಹೋಯಿತು, ಸೈಕಲ್ ಮಾತ್ರ ನಿಲ್ಲಲಿಲ್ಲ.

ಆಮೇಲಿನದು ನೆನಪಿರೋದು ತುಂಡು ತುಂಡಾಗಿ. ರಸ್ತೆ ಕೆನ್ನೆಗೆ ತಣ್ಣಗೆ ತಾಗಿದ್ದು. ಸೈಕಲ್ಲು ಕರಕರ ಸದ್ದು ಮಾಡುತ್ತಾ ನನಗಿಂತ ಮುಂದೆ ಜಾರಿ ಹೋಗಿದ್ದು. ಎದುರಿಗೆ ಒಂದು ಕಾರಿನ ನಂಬರ್ ಪ್ಲೇಟು, ಓದುವಷ್ಟು ಹತ್ತಿರ.

ಎಡ ತಿರುವಿನಲ್ಲಿ ಜಾರಿದರೆ ದೇಹ ಹೋಗೋದು ಬಲಕ್ಕೆ, ಅಂದರೆ ಎದುರಿಂದ ಬರುವವರ ಪಾಲಿನ ರಸ್ತೆಗೆ. ಆ ಕಾರು ಏರು ಹತ್ತುತ್ತಿತ್ತು, ನಿಧಾನವಾಗಿತ್ತು, ಡ್ರೈವರ್ ಎಚ್ಚರವಾಗಿದ್ದರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಈ ಅಂಕಣ ಬೇರೆ ಯಾರೋ ಬರೆಯುತ್ತಿದ್ದರು. ಕಾರಿನಲ್ಲಿದ್ದ ಅಂಕಲ್ ಆಂಟಿ ಇಳಿದು ಬಂದು, ಬೈಯಲೂ ಮರೆತು, ನನ್ನನ್ನು ಬದಿಗೆ ಕೂರಿಸಿದರು. ಆಂಟಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಎಡಗೈ ಎತ್ತಲು ಹೋದರೆ ಆಗಲಿಲ್ಲ. ಸೂರ್ಯೋದಯಕ್ಕೆ ಬಂದವರು ಅದನ್ನು ಬಿಟ್ಟು ನನ್ನನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕತ್ತುಪಟ್ಟಿ ಮೂಳೆ, ಅಂದರೆ ಭುಜಕ್ಕೂ ಎದೆಗೂ ನಡುವಿನ ಆ ಸಣ್ಣ ಮೂಳೆ, ಮುರಿದಿತ್ತು. ಸೈಕಲ್ಲಿನಿಂದ ಬಿದ್ದವರಿಗೆ ಹೆಚ್ಚಾಗಿ ಮುರಿಯೋದು ಅದೇ ಅಂತ ಡಾಕ್ಟರು ಸಮಾಧಾನ ಹೇಳಿದರು. ಹೆಲ್ಮೆಟ್ಟು ಎಡಗಡೆ ಒಡೆದಿತ್ತು. ಅದನ್ನು ಮಾತ್ರ ಅವರು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಏನೂ ಹೇಳಲಿಲ್ಲ.

ಅಮ್ಮನಿಗೆ ಹೇಳಿದ್ದು: ಆಫೀಸಿನ ಮೆಟ್ಟಿಲಲ್ಲಿ ಜಾರಿ ಬಿದ್ದೆ.

ಆರು ವಾರ ಕೈ ಜೋಳಿಗೆಯಲ್ಲಿತ್ತು. ಒಂದೇ ಕೈಯಲ್ಲಿ ಕೋಡ್ ಟೈಪ್ ಮಾಡಿದೆ. ಸುಳ್ಳು ಐದು ವಾರ ಬಾಳಿತು. ಚಿಕ್ಕಮ್ಮನ ಮಗ, ಅವನಿಗೂ ಸೈಕಲ್ ಹುಚ್ಚು, ನನ್ನ ಜೋಳಿಗೆಯ ಫೋಟೊ ಹಾಕಿ ‘ನಂದಿಯಲ್ಲಿ ಬಿದ್ದರೂ ನಗುವ ನಮ್ಮಕ್ಕ’ ಅಂತ ವಾಟ್ಸಾಪ್ ಸ್ಟೇಟಸ್ ಇಟ್ಟ. ಹತ್ತು ನಿಮಿಷಕ್ಕೆ ಊರಿಂದ ಫೋನು.

ಅಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೇದಿತ್ತು. ‘ಹತ್ತಿದ್ದು ಸರಿ. ಇಳಿಯೋಕೆ ಬಸ್ ಇರಲಿಲ್ವಾ ಪುಟ್ಟಿ?’ ಅಂದಳು.

ಅಮ್ಮನ ತವರು ತೀರ್ಥಹಳ್ಳಿ ಕಡೆ. ಉಡುಪಿಗೆ ಹೋಗಬೇಕೆಂದರೆ ಆಗುಂಬೆ ಘಾಟಿ, ಹದಿನಾಲ್ಕು ತಿರುವು, ಮಿನಿ ಬಸ್ಸು, ಕೈಯಲ್ಲಿ ನಿಂಬೆಹಣ್ಣು. ಘಾಟಿಯ ಬಗ್ಗೆ ಅವಳಿಗೆ ಯೂಟ್ಯೂಬ್ ನೋಡಿ ಗೊತ್ತಾಗಬೇಕಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಗೇರಲ್ಲಿ ಇಳಿದ್ಯಾ? ನಮ್ಮ ಬಸ್ ಡ್ರೈವರುಗಳು ಹೇಳೋರು, ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು ಅಂತ.’

ಸೈಕಲ್ಲಿಗೆ ಇಪ್ಪತ್ತೆರಡು ಗೇರಿದ್ದರೂ ಇಳಿಯುವಾಗ ಒಂದೂ ಉಪಯೋಗಕ್ಕೆ ಬರಲ್ಲ ಅಂತ ಅವತ್ತೇ ನನಗೆ ಹೊಳೆದಿದ್ದು. ಬಸ್ಸಿನಲ್ಲಿ ಸಣ್ಣ ಗೇರು ಹಾಕಿದರೆ ಎಂಜಿನ್ನೇ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಸೈಕಲ್ಲಿನಲ್ಲಿ ಪೆಡಲ್ ನಿಲ್ಲಿಸಿದ ತಕ್ಷಣ ಹಿಂದಿನ ಚಕ್ರ ಟಿಕ್ ಟಿಕ್ ಅನ್ನುತ್ತಾ ತನ್ನ ಪಾಡಿಗೆ ಉರುಳುತ್ತದೆ. ಹಿಡಿಯೋಕೆ ಇರೋದು ಎರಡು ಜೊತೆ ಪ್ಯಾಡು, ಹತ್ತು ಬೆರಳು, ಅಷ್ಟೇ. ಇದನ್ನು ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತು.

ಕೈ ಸರಿಯಾದ ಮೇಲೆ ನವೆಂಬರಿನಲ್ಲಿ ಒಂದು ಭಾನುವಾರ ಅಣ್ಣ ಸೈಕಲ್ ತೊಗೊಂಡು ಬಾ ಅಂತ ಪೀಣ್ಯಕ್ಕೆ ಕರೆದರು. ಅವರ ಶಾಪಿಗೆ ಅವತ್ತು ರಜೆ. ಎಣ್ಣೆ ವಾಸನೆ, ಮೂಲೆಯಲ್ಲಿ ಸುರುಳಿ ಸುರುಳಿ ಕಬ್ಬಿಣದ ಚೂರು. ನನ್ನ ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡ್ ತೆಗೆದು ಬೆಳಕಿಗೆ ಹಿಡಿದರು. ಕನ್ನಡಿ ತರ ಹೊಳೆಯುತ್ತಿತ್ತು.

‘ನೋಡಮ್ಮ, ಇದು ಸುಟ್ಟು ಗಾಜಾಗಿದೆ. ಕೂಲೆಂಟ್ ಬಿಡದೆ ಡ್ರಿಲ್ ಹಾಕಿದ್ರೆ ಬಿಟ್ ಏನಾಗುತ್ತೋ ಅದೇ. ಮೇಲಿಂದ ಕೆಳಗಿನವರೆಗೂ ಉಜ್ಜಿಕೊಂಡೇ ಬಂದಿದೀಯ ತಾನೇ?’

ಎಮರಿ ಪೇಪರಿನಲ್ಲಿ ಪ್ಯಾಡ್ ತಿಕ್ಕುತ್ತಾ ಅವರು ಹೇಳಿದ ಲೆಕ್ಕವನ್ನು ನಾನು ಆಮೇಲೆ ಮನೆಯಲ್ಲಿ ಕೂತು ಹಾಕಿ ನೋಡಿದೆ. ನಾನು, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ ಒಂದು 85 ಕೆ.ಜಿ. ಅಂದುಕೊಳ್ಳಿ. 450 ಮೀಟರ್ ಕೆಳಗಿಳಿದರೆ ಕಳೆಯಬೇಕಾದ ಶಕ್ತಿ ಸುಮಾರು 375 ಕಿಲೋಜೌಲ್. ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ತಣ್ಣೀರನ್ನು ಕುದಿಸುವಷ್ಟು ಶಾಖ ಅದು. ಅಷ್ಟೂ ಎಲ್ಲೋ ಹೋಗಲೇಬೇಕು. ಒಂದು ಪಾಲು ಗಾಳಿಯನ್ನು ಸೀಳುವುದರಲ್ಲಿ ಹೋಗುತ್ತದೆ, ಉಳಿದದ್ದು ಬ್ರೇಕಿಗೆ. ಭಯಪಟ್ಟು ತೀರಾ ನಿಧಾನವಾಗಿ, ಬ್ರೇಕ್ ಒತ್ತಿ ಹಿಡಿದೇ ಬಂದರೆ ಗಾಳಿಗೆ ಕೆಲಸವೇ ಇರಲ್ಲ, ಹೆಚ್ಚುಕಡಿಮೆ ಅಷ್ಟೂ ಬ್ರೇಕಿನ ತಲೆಗೆ. ರಿಮ್ಮನ್ನು ಹಿಡಿಯುವ ಬ್ರೇಕಾದರೆ ರಿಮ್ ಕಾದು ಒಳಗಿನ ಟ್ಯೂಬ್ ಸಿಡಿಯಬಹುದು. ಡಿಸ್ಕ್ ಆದರೆ ಕಾದು ಕಾದು ಹಿಡಿತ ಸಡಿಲವಾಗಬಹುದು. ಅಣ್ಣನ ಮಾತಲ್ಲಿ ಹೇಳೋದಾದರೆ: ‘ನೆಟ್ಟಗೆ ರಸ್ತೆ ಇದ್ದಾಗ ಎದೆ ಎತ್ತಿ ಕೂತ್ಕೋ, ಗಾಳಿಗೂ ಸ್ವಲ್ಪ ಕೆಲಸ ಕೊಡು. ತಿರುವು ಬರೋಕೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿ, ವೇಗ ಇಳಿಸು, ಬಿಡು. ತಿರುವಿನ ಒಳಗೆ ಬ್ರೇಕ್ ಅನ್ನೋದೇ ಇಲ್ಲ ಅಂದ್ಕೋ.’

ಮುಂದಿನ ಬ್ರೇಕಿನ ಭಯವನ್ನೂ ಅವತ್ತೇ ಬಿಡಿಸಿದರು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ, ಹಗುರಾದ ಚಕ್ರ ಬೇಗ ಜಾರುತ್ತದೆ. ನಿಜವಾಗಿ ನಿಲ್ಲಿಸೋದು ಮುಂದಿನದೇ. ಒಮ್ಮೆಲೇ ಹಿಂಡಿದರೆ ಪಲ್ಟಿ, ಮೆಲ್ಲಗೆ ಒತ್ತಡ ಏರಿಸಿದರೆ ಬಂಟ. ಸೊಂಟವನ್ನು ಸೀಟಿನ ಹಿಂದಕ್ಕೆ ತಳ್ಳಿ ಕೂರಬೇಕು. ಆ ಭಾನುವಾರ ಪೀಣ್ಯದ ಖಾಲಿ ರಸ್ತೆಯಲ್ಲಿ, ವಾರದ ದಿನ ಲಾರಿ ಬಿಟ್ಟು ಇನ್ನೊಂದು ನುಗ್ಗೋಕಾಗದ ಕಡೆ, ನನ್ನಿಂದ ನಲವತ್ತು ಸಲವಾದರೂ ಬ್ರೇಕ್ ಹಿಡಿಸಿದರು. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇಲ್ಲಿ ಹಿಡಿ, ಇಲ್ಲಿ ಬಿಡು. ಸೆಕ್ಯುರಿಟಿಯವರೊಬ್ಬರು ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತಿದ್ದರು.

ಇಷ್ಟೆಲ್ಲ ಆಗುವಾಗ ಮನೆಯಲ್ಲಿ ಕೂತು ನಾನು ನೋಡಿದ ವಿಡಿಯೊಗಳಲ್ಲಿ ಅರ್ಧ ಬೊಲಿವಿಯಾದವು. ‘ಡೆತ್ ರೋಡ್’ ಅಂತ ನೀವೂ ನೋಡಿರಬಹುದು. ಲಾ ಪಾಜ್ ನಗರದ ಮೇಲಿನ ಲಾ ಕುಂಬ್ರೆ ಎಂಬ ಕಣಿವೆ ಸುಮಾರು 4,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕೊರೊಯ್ಕೊ ಕಡೆಗೆ ಒಂದೇ ದಿನದಲ್ಲಿ 3,400 ಮೀಟರಿಗೂ ಹೆಚ್ಚು ಇಳಿಜಾರು. ಚಳಿಯಲ್ಲಿ ಸ್ವೆಟರ್ ಹಾಕಿ ಹೊರಟು ಬಾಳೆ ತೋಟದ ಸೆಕೆಯಲ್ಲಿ ತಲುಪೋದು. 1930ರ ದಶಕದ ಚಾಕೊ ಯುದ್ಧದಲ್ಲಿ ಸೆರೆ ಸಿಕ್ಕ ಪರಾಗ್ವೆ ಸೈನಿಕರಿಂದ ಕಡಿಸಿದ ರಸ್ತೆ ಅದು. ಕೆಲವು ಕಡೆ ಒಂದು ಲಾರಿಯ ಅಗಲವಷ್ಟೇ, ಪಕ್ಕದಲ್ಲಿ ನೂರಾರು ಮೀಟರ್ ಪ್ರಪಾತ, ತಡೆಗೋಡೆ ಇಲ್ಲ. 1995ರಲ್ಲಿ ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್ ಅದನ್ನು ಜಗತ್ತಿನ ಅತಿ ಅಪಾಯದ ರಸ್ತೆ ಅಂತ ಕರೆಯಿತು. ಪ್ರವಾಸಿಗರನ್ನು ದೂರ ಇಡಬೇಕಾಗಿದ್ದ ಆ ಹೆಸರೇ ಬೆನ್ನಿಗೆ ಚೀಲ ಏರಿಸಿದ ಹುಡುಗ ಹುಡುಗಿಯರನ್ನು ಜಗತ್ತಿನ ಮೂಲೆ ಮೂಲೆಯಿಂದ ಕರೆಸಿಕೊಂಡಿತು. ಸೈಕಲ್ ಬಾಡಿಗೆ, ಗೈಡು, ಹಿಂದೆ ಒಂದು ವ್ಯಾನು, ಕೊನೆಗೆ ‘ನಾನು ಬದುಕಿ ಬಂದೆ’ ಅಂತ ಬರೆದ ಟೀಶರ್ಟು.

ಅಲ್ಲಿನ ಒಂದು ನಿಯಮ ನನಗೆ ತುಂಬ ಹಿಡಿಸಿತು. ಬೊಲಿವಿಯಾದ ಬೇರೆಲ್ಲ ಕಡೆ ವಾಹನಗಳು ಬಲಕ್ಕೆ ಹೋದರೆ, ಆ ರಸ್ತೆಯಲ್ಲಿ ಮಾತ್ರ ಎಡಕ್ಕೆ. ಯಾಕೆಂದರೆ ಅಲ್ಲಿ ಡ್ರೈವರ್ ಕೂರೋದು ಎಡಗಡೆ. ಇಳಿಯುವವನು ಪ್ರಪಾತದ ಬದಿಗೆ ಹೋಗಬೇಕು, ಕಿಟಕಿಯಿಂದ ಬಗ್ಗಿ ತನ್ನ ಚಕ್ರ ಅಂಚಿನಲ್ಲಿ ಎಲ್ಲಿದೆ ಅಂತ ತಾನೇ ನೋಡಿಕೊಳ್ಳಬೇಕು. ಹತ್ತುವವನಿಗೆ ಮೊದಲ ಹಕ್ಕು. ನಮ್ಮ ರಸ್ತೆ ನಿಯಮಗಳಲ್ಲೂ ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಇಳಿಯುವ ವಾಹನ ಹತ್ತುವ ವಾಹನಕ್ಕೆ ದಾರಿ ಬಿಡಬೇಕು ಅಂತಲೇ ಇದೆ. ಲೈಸೆನ್ಸ್ ಟೆಸ್ಟಿನಲ್ಲಿ ಇದನ್ನು ಟಿಕ್ ಮಾಡಿ ಪಾಸಾದವರು ನಾವೆಲ್ಲ. ನಂದಿಯಲ್ಲಿ ಭಾನುವಾರ ಎಷ್ಟು ಜನಕ್ಕೆ ನೆನಪಿರುತ್ತದೆ ಅನ್ನೋದು ಬೇರೆ ಮಾತು.

2006ರಲ್ಲಿ ಅಲ್ಲಿ ಬೇರೆ ಕಡೆಯಿಂದ ಹೊಸ ಹೆದ್ದಾರಿ ತೆರೆಯಿತು. ಲಾರಿ ಬಸ್ಸುಗಳೆಲ್ಲ ಆ ಕಡೆ ಹೋದವು, ಹಳೇ ರಸ್ತೆ ಹೆಚ್ಚುಕಡಿಮೆ ಸೈಕಲ್ಲಿಗರ ಪಾಲಾಯಿತು. ಹಾಗಿದ್ದೂ ಸೈಕಲ್ಲಿಗರು ಸಾಯೋದು ನಿಲ್ಲಲಿಲ್ಲ, ಆದರೆ ಅಲ್ಲಿ ಈಗಿನ ವೈರಿ ಪ್ರಪಾತ ಮತ್ತು ಸ್ವಂತ ವೇಗ. ನಮ್ಮ ನಂದಿ ಎತ್ತರದಲ್ಲಿ ಅದರ ಕಾಲಿನ ಬೆರಳಿಗೂ ಸಮವಲ್ಲ, ರಸ್ತೆಗೆ ಡಾಂಬರಿದೆ, ಬದಿಗೆ ಗೋಡೆಯಿದೆ. ಆದರೆ ನಮಗೆ ಬೇರೆ ರಸ್ತೆ ಇಲ್ಲ. ಸೂರ್ಯೋದಯದ ಕಾರುಗಳು, ಸೈಲೆನ್ಸರ್ ಬಿಚ್ಚಿಸಿದ ಬೈಕುಗಳು, ಬಸ್ಸು, ಬನ್ನು ಕಂಡರೆ ಬಿಡದ ಕೋತಿಗಳು, ನಾವು, ಎಲ್ಲರಿಗೂ ಅದೊಂದೇ ದಾರಿ. ಅದೂ ಒಂದೇ ಹೊತ್ತಿನಲ್ಲಿ. 2021ರ ಆಗಸ್ಟಿನಲ್ಲಿ ರಾತ್ರಿ ಮಳೆಗೆ ಗುಡ್ಡ ಜರಿದು ಆ ಒಂದು ರಸ್ತೆಯೂ ಮುಚ್ಚಿ, ತಿಂಗಳುಗಟ್ಟಲೆ ಬೆಟ್ಟ ಪ್ರವಾಸಿಗರಿಗೆ ಬಂದ್ ಆಗಿತ್ತು. ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆಯಾಗಿದೆ. ಅದು ಬಂದು ಅರ್ಧ ಕಾರು ಕಡಿಮೆಯಾದರೆ ಸೈಕಲ್ಲಿನವರು ಯೋಗನಂದೀಶ್ವರನಿಗೆ ಕಾಯಿ ಒಡೆಸಬೇಕು.

ಇನ್ನೊಂದು ವಿಷಯ ಓದಿ ನಿದ್ದೆ ಬರಲಿಲ್ಲ. 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಬೆಟ್ಟದ ಇಳಿಜಾರಿನಲ್ಲಿ ಒಬ್ಬ ಸವಾರ ಸತ್ತ. ಸ್ಟ್ರಾವಾದಲ್ಲಿ ಅವನ ಹೆಸರಿನಲ್ಲಿದ್ದ ಅತಿ ವೇಗದ ದಾಖಲೆಯನ್ನು ಬೇರೆ ಯಾರೋ ಮುರಿದಿದ್ದರು, ಅದನ್ನು ವಾಪಸ್ ಪಡೆಯಲು ಹೊರಟಿದ್ದ ಅಂತ ಅವನ ಮನೆಯವರು ಕಂಪನಿ ಮೇಲೆ ದಾವೆ ಹಾಕಿದರು. ಕೋರ್ಟು ಅದನ್ನು ವಜಾ ಮಾಡಿತು. ಈಗ ಯಾವುದಾದರೂ ಇಳಿಜಾರನ್ನು ಅಪಾಯ ಅಂತ ಬಳಸುವವರೇ ಗುರುತು ಮಾಡಿದರೆ ಆ ತುಂಡಿನ ವೇಗದ ಪಟ್ಟಿ ಕಾಣಿಸಲ್ಲ. ಒಳ್ಳೇದು. ಆದರೆ ಪಟ್ಟಿ ಇರೋದು ಫೋನಿನಲ್ಲಿ ಮಾತ್ರ ಅಲ್ಲವಲ್ಲ. ನಮ್ಮ ಗುಂಪಿನಲ್ಲೇ ‘ನಾನು 65 ಮುಟ್ಟಿದೆ’ ಅಂತ ಚಹಾ ಹೀರುತ್ತಾ ಹೇಳುವವರಿದ್ದಾರೆ. ಸೀಟಿನಿಂದ ಇಳಿದು ಮುಂದಿನ ಕಂಬಿಯ ಮೇಲೆ ಮುದುಡಿ ಕೂತು ಬಾಣದ ಹಾಗೆ ಇಳಿಯುವ ಭಂಗಿಯನ್ನು ಟಿವಿಯಲ್ಲಿ ನೋಡಿ ಕಲಿತವರೂ ಇದ್ದಾರೆ. ವೃತ್ತಿಪರರಿಗೇ ಆ ಭಂಗಿಯನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2021ರಲ್ಲಿ ನಿಷೇಧಿಸಿದೆ ಅಂತ ಹೇಳಿದರೆ ‘ಹೌದಾ ಅಕ್ಕಾ’ ಅಂತಾರೆ, ಮುಂದಿನ ವಾರ ಮತ್ತೆ ಅದೇ.

65ರ ವೇಗ ಬಿಡಿ, 50ರದ್ದೇ ಲೆಕ್ಕ ಹಾಕೋಣ. ಆ ವೇಗದಲ್ಲಿ ಒಂದು ಸೆಕೆಂಡಿಗೆ 14 ಮೀಟರ್ ಹೋಗುತ್ತೀರಿ. ತಿರುವಿನಾಚೆ ಕಾರು ಕಂಡು, ಅರ್ಥವಾಗಿ, ಬೆರಳು ಒತ್ತುವಷ್ಟರಲ್ಲೇ ಆ ಒಂದು ಸೆಕೆಂಡು ಹೋಯಿತು. ಒಣ ರಸ್ತೆಯಲ್ಲಿ ಒಳ್ಳೇ ಬ್ರೇಕಿದ್ದರೆ ನಿಲ್ಲಲು ಇನ್ನೂ ಸುಮಾರು ಇಪ್ಪತ್ತು ಮೀಟರ್. ಒಟ್ಟು ಮೂವತ್ತರ ಮೇಲೆ. ನಂದಿಯ ಎಷ್ಟೋ ತಿರುವುಗಳಲ್ಲಿ ಮೂವತ್ತು ಮೀಟರ್ ಮುಂದೆ ಕಾಣೋದೇ ಇಲ್ಲ. 30ರ ವೇಗದಲ್ಲಿದ್ದರೆ ಒಟ್ಟು ಹದಿನೈದರಲ್ಲಿ ಮುಗಿಯುತ್ತದೆ. ನನಗೆ ಈ ಒಂದು ಲೆಕ್ಕ ಸಾಕಾಯಿತು.

ಮತ್ತೆ ಬೆಟ್ಟಕ್ಕೆ ಹೋಗಿದ್ದು ಡಿಸೆಂಬರಿನಲ್ಲಿ. ಅಮ್ಮನಿಗೆ ಹಿಂದಿನ ರಾತ್ರಿಯೇ ಹೇಳಿದೆ. ಸುಳ್ಳು ಹೇಳೋದಕ್ಕಿಂತ ನಿಜ ಹೇಳೋದು ಎಷ್ಟು ಕಷ್ಟ ಅಂತ ಆ ಫೋನಿನಲ್ಲಿ ಗೊತ್ತಾಯಿತು. ‘ಸರಿ’ ಅಂದಳು. ಆ ‘ಸರಿ’ಯಲ್ಲಿ ಏನೇನಿತ್ತು ಅಂತ ಮಕ್ಕಳಾದ ಎಲ್ಲರಿಗೂ ಗೊತ್ತು.

ಹತ್ತುವಾಗ ನಾನು ಬಿದ್ದ ಜಾಗ ಎಷ್ಟು ಹುಡುಕಿದರೂ ಸಿಗಲಿಲ್ಲ. ಎಲ್ಲ ತಿರುವೂ ಅದೇ ಅನ್ನಿಸಿತು. ಮೇಲೆ ನೆಹರೂ ನಿಲಯದ ಕಡೆ ಬಿಸಿಲು ಬಂದಿತ್ತು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಈ ಬೆಟ್ಟದಲ್ಲಿ ತಂಗಿದ್ದರು. ಆ ಗಾಳಿಗೆ ಯಾರಿಗಾದರೂ ಆರೋಗ್ಯ ಬರಬೇಕು, ನನಗೆ ಮಾತ್ರ ಹೊಟ್ಟೆಯಲ್ಲಿ ಕಲಸುತ್ತಿತ್ತು. ಟಿಪ್ಪು ಡ್ರಾಪ್ ಹತ್ತಿರ ಸೆಲ್ಫಿ ತೆಗೆಯುತ್ತಿದ್ದ ಹುಡುಗರು, ಇಲ್ಲಿಂದ ಕೈದಿಗಳನ್ನು ತಳ್ಳುತ್ತಿದ್ದರಂತೆ ಅಂತ ಹಳೇ ಕತೆಯನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದರು. ಕೇಳಿಸಿಕೊಳ್ಳದ ಹಾಗೆ ಬಂದೆ.

ಅಣ್ಣ ಮುಂದೆ, ನಾನು ನಡುವೆ, ಗೆಳತಿ ಹಿಂದೆ. ಒಬ್ಬರಿಗೊಬ್ಬರಿಗೆ ಮೂವತ್ತು ಮೀಟರಾದರೂ ಅಂತರ. ಅಣ್ಣ ಪ್ರತಿ ತಿರುವಿಗೂ ಮುಂಚೆ ಎಡಗೈ ಬೀಸಿ ಇಲ್ಲಿ ಹಿಡಿ ಅಂತ ತೋರಿಸುತ್ತಿದ್ದರು. ಹೊರಗಿನ ಕಾಲು ಕೆಳಗೆ, ಭಾರವೆಲ್ಲ ಅದರ ಮೇಲೆ. ಕಣ್ಣು ಗೋಡೆಯ ಮೇಲಲ್ಲ, ತಿರುವು ಮುಗಿಯುವ ಕಡೆ. ಕಣ್ಣು ಎತ್ತ ಹೋಗುತ್ತದೋ ಸೈಕಲ್ಲೂ ಅತ್ತಲೇ ಹೋಗುತ್ತದೆ, ಗುಂಡಿ ನೋಡಿದರೆ ಗುಂಡಿಗೇ. ಮೊದಲ ತಿರುವಿನಲ್ಲಿ ಬ್ರೇಕ್ ಬಿಡಲು ಬೆರಳು ಒಪ್ಪಲೇ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಬಿಟ್ಟೆ. ಸೈಕಲ್ಲು ತಾನಾಗಿ ಬಾಗಿ, ತಾನಾಗಿ ಎದ್ದು, ನೇರ ರಸ್ತೆಗೆ ಬಂದು ನಿಂತಿತು. ನಾನು ಏನೂ ಮಾಡಿರಲಿಲ್ಲ. ಏನೂ ಮಾಡದೇ ಇದ್ದದ್ದೇ ನಾನು ಮಾಡಿದ್ದು.

ಇಳಿಜಾರಿನ ಖುಷಿ ಇಲ್ಲ ಅಂದರೆ ಸುಳ್ಳಾಗುತ್ತದೆ. ನೀಲಗಿರಿ ಗಿಡಗಳ ವಾಸನೆ, ಕೆಳಗೆ ದ್ರಾಕ್ಷಿ ತೋಟಗಳ ಚಪ್ಪರ, ಜಾಕೆಟ್ಟಿನೊಳಗೆ ತುಂಬಿಕೊಳ್ಳುವ ಚಳಿ. ಈ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ದಾಟಿ ನಮ್ಮ ವೈಟ್‌ಫೀಲ್ಡಿನ ಪೂರ್ವಕ್ಕೇ ಹರಿದು, ವರ್ತೂರು ಕೆರೆಯ ನೊರೆ ನೀರನ್ನೂ ಸೇರಿಸಿಕೊಂಡು ತಮಿಳುನಾಡಿಗೆ ಹೋಗುತ್ತದೆ. ಅರ್ಕಾವತಿಯೂ ಇಲ್ಲಿಯದೇ, ಪೀಣ್ಯ ಕಡೆಯ ಕೊಳೆ ಹೊತ್ತ ವೃಷಭಾವತಿ ಮುಂದೆ ಅದಕ್ಕೇ ಸೇರುತ್ತದೆ. ನಾವು ಮೂವರೂ ನಮ್ಮ ನಮ್ಮ ಹೊಳೆಯ ತಲೆಯಿಂದ ಮನೆಗೆ ಇಳಿಯುತ್ತಿದ್ದೇವೆ ಅಂತ ಹೇಳಿದರೆ ಗೆಳತಿ ‘ಮುಂದೆ ನೋಡು ಮಗಾ’ ಅಂತ ಹಿಂದಿನಿಂದ ಕಿರುಚಿದಳು. ಸರಿಯೇ. ಎದುರಿಗೆ ಒಂದು ಬಿಳಿ ಕಾರು ತಿರುವನ್ನು ಕತ್ತರಿಸಿ ಪೂರಾ ನಮ್ಮ ಬದಿಗೆ ಬಂದಿತ್ತು. ನಾನು 25ರ ವೇಗದಲ್ಲಿದ್ದೆ. ಎಡಕ್ಕೆ ಸರಿದು, ನಿಂತು, ಒಂದು ಕಾಲು ಕೆಳಗಿಟ್ಟೆ. ಕಾರಿನವರು ಕೈ ಎತ್ತಿ ಸಾರಿ ಅಂದರು. ಹೃದಯ ಕಿವಿಯಲ್ಲಿ ಬಡಿಯುತ್ತಿತ್ತು, ಸೈಕಲ್ಲು ಮಾತ್ರ ನೆಟ್ಟಗಿತ್ತು.

‘ಇಷ್ಟು ಅಪಾಯ ಇದ್ರೆ ಯಾಕೆ ಹೋಗ್ತೀರಿ’ ಅಂತ ಆಫೀಸಿನಲ್ಲಿ ಕೇಳುತ್ತಾರೆ. ಅದನ್ನು ಕೇಳುವವರಲ್ಲಿ ಮಾರತಹಳ್ಳಿಯಿಂದ ಸ್ಕೂಟರಿನಲ್ಲಿ ದಿನಾ ಬರುವವರಿದ್ದಾರೆ. ನಿಜ ಹೇಳಬೇಕೆಂದರೆ ನನಗೆ ನಂದಿಗಿಂತ ಹೆಚ್ಚು ಭಯ ಹೂಡಿ ಸರ್ಕಲ್ ಕಂಡರೆ. 2020ರಲ್ಲಿ ಸಿಲ್ಕ್ ಬೋರ್ಡಿನಿಂದ ಲೌರಿ ಜಂಕ್ಷನ್ನಿನವರೆಗೆ ಹೊರವರ್ತುಲ ರಸ್ತೆಯಲ್ಲಿ ಸೈಕಲ್ಲಿಗೇ ಅಂತ 17 ಕಿಲೋಮೀಟರ್ ಪಟ್ಟಿ ಬಿಟ್ಟಿದ್ದರು, ಕಂಬ ನೆಟ್ಟು. ಅದು ಬಹಳ ದಿನ ಬಾಳಲಿಲ್ಲ. ಕಂಬಗಳು ಹೋದವು, ಮೆಟ್ರೊ ಕಾಮಗಾರಿ ಬಂತು. ವಾರದ ದಿನ ಆಫೀಸಿಗೆ ಹೋಗಲು ಸೈಕಲ್ಲಿಗೆ ದಾರಿ ಇಲ್ಲದ ಊರಿನಲ್ಲಿ ವಾರಾಂತ್ಯಕ್ಕೆ ಅರವತ್ತು ಕಿಲೋಮೀಟರ್ ಆಚೆ ಹೋಗಿ ಸೈಕಲ್ ಹೊಡೆಯುವ ನಾವು ವಿಚಿತ್ರ ಜನವೇ ಇರಬಹುದು.

ನಮ್ಮ ಗೆಳತಿಗೆ ಮುಂದಿನ ವರ್ಷ ನೀಲಗಿರಿಗೆ ಹೋಗುವ ಆಸೆ. 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್‌ನಲ್ಲಿ ಮಸಿನಗುಡಿಯಿಂದ ಊಟಿಗೆ ಕಲ್ಲಹಟ್ಟಿ ಘಾಟಿ ಬರುತ್ತದೆ, 36 ತಿರುವು. ಅಲ್ಲಿ ಸೈಕಲ್ಲಿನವರು ಹತ್ತುತ್ತಾರೆ ಅಂತ ಕೇಳಿದ ಮೇಲೆ ನಾನೂ ಹೂಂ ಅಂದಿದ್ದೇನೆ.

ಅವತ್ತು ಕೆಳಗೆ ತಲುಪಿ, ಚಕ್ರದ ಡಿಸ್ಕಿಗೆ ಒಂದು ಹನಿ ನೀರು ಚಿಮುಕಿಸಿದೆ. ಸುಮ್ಮನೆ ಒದ್ದೆಯಾಯಿತು, ಚುಯ್ ಅನ್ನಲಿಲ್ಲ. ಅಣ್ಣ ನೋಡಿ ತಲೆ ಆಡಿಸಿದರು, ಅವರ ಶಾಪಿನಲ್ಲಿ ಜಾಬ್ ಅಳತೆಗೆ ಸರಿಯಾಗಿ ಬಂದಾಗ ಆಡಿಸುವ ಹಾಗೆ. ಮೂವರೂ ತಟ್ಟೆ ಇಡ್ಲಿ ಹೇಳಿ ಕೂತೆವು. ಫೋನ್ ತೆಗೆದು ಅಮ್ಮನಿಗೆ ಎರಡೇ ಪದ ಕಳಿಸಿದೆ: ‘ಕೆಳಗೆ ಬಂದೆ.’

ನೀಲಿ ಟಿಕ್ ತಕ್ಷಣ ಬಂತು. ಫೋನ್ ಕೈಯಲ್ಲೇ ಹಿಡಿದು ಕೂತಿದ್ದಳು ಅಂತ ಕಾಣುತ್ತದೆ. ಉತ್ತರ ಬರಲು ಮಾತ್ರ ಸ್ವಲ್ಪ ಹೊತ್ತಾಯಿತು.

‘ತಿಂಡಿ ತಿನ್ನು. ಮನೆ ತಲುಪಿದ ಮೇಲೂ ಹೇಳು, ಹೂಡಿ ಸರ್ಕಲ್ ಇನ್ನೂ ಇದೆ.’